ಪ್ರೋಗ್ರಾಮಿಂಗ್ ಬಾರದವರು ಸಾಫ್ಟ್‌ವೇರ್ ಕೈಪಿಡಿಯ ಪ್ರೂಫ್ ನೋಡಬಹುದೇ?

ಪ್ರಶ್ನೆ: ನಾನು ಹಲವು ವರ್ಷ ಪುಸ್ತಕಗಳ ಪ್ರೂಫ್ ನೋಡಿದವಳು. ಪ್ರೋಗ್ರಾಮಿಂಗ್ ಗೊತ್ತಿಲ್ಲ. ಆದರೆ ದಿನಾ ಬಳಸುವುದು ಮುಕ್ತ ತಂತ್ರಾಂಶಗಳನ್ನೇ, ಅಂದರೆ ಯಾರು ಬೇಕಾದರೂ ಬಳಸಿ ಬದಲಿಸಬಹುದಾದ ಸಾಫ್ಟ್‌ವೇರ್‌ಗಳನ್ನೇ. ಅವುಗಳ ಇಂಗ್ಲಿಷ್ ಕೈಪಿಡಿಗಳಲ್ಲಿ ತಪ್ಪುಗಳು ಕಣ್ಣಿಗೆ ಬೀಳುತ್ತಲೇ ಇರುತ್ತವೆ. ಪುಕ್ಕಟೆ ಬಳಸುತ್ತಿದ್ದೇನೆ, ನನ್ನಿಂದಲೂ ಏನಾದರೂ ಆಗಲಿ ಅಂತ ಒಂದು ಪ್ರಾಜೆಕ್ಟ್‌ನ ಕೈಪಿಡಿಯನ್ನು ಪೂರ್ತಿ ತಿದ್ದಿ ಕಳಿಸಿದೆ. ‘ಇದನ್ನು ತೆಗೆದುಕೊಳ್ಳಲು ಆಗುವುದಿಲ್ಲ’ ಅಂತ ಚಿಕ್ಕದಾಗಿ ಉತ್ತರ ಬಂತು. ನನ್ನಂಥವರಿಂದ ಈ ಕೆಲಸಕ್ಕೆ ಉಪಯೋಗ ಇದೆಯೇ? ಇದ್ದರೆ ಎಲ್ಲಿಂದ ಶುರು ಮಾಡಬೇಕು?

ಉತ್ತರ: ಉಪಯೋಗ ಖಂಡಿತ ಇದೆ. ಆದರೆ ಪುಸ್ತಕದ ಪ್ರೂಫ್ ನೋಡಿದ ಹಾಗೆಯೇ ಕೈಪಿಡಿಯ ಪ್ರೂಫ್ ನೋಡಿದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಪುಸ್ತಕದಲ್ಲಿ ವಾಕ್ಯ ಸರಿಯಿದ್ದರೆ ನಿಮ್ಮ ಕೆಲಸ ಮುಗಿಯಿತು. ಕೈಪಿಡಿಯಲ್ಲಿ ವಾಕ್ಯ ಸರಿಯಾಗಿದ್ದೂ ಹೇಳಿದ್ದು ಸುಳ್ಳಾಗಿರಬಹುದು. ‘ಟೂಲ್ಸ್ ಮೆನುವಿನಲ್ಲಿ ಈ ಆಯ್ಕೆ ಇದೆ’ ಎಂಬ ಸಾಲಿನಲ್ಲಿ ಒಂದಕ್ಷರವೂ ತಪ್ಪಿರುವುದಿಲ್ಲ. ಆದರೆ ಎರಡು ಆವೃತ್ತಿಗಳ ಹಿಂದೆಯೇ ಆ ಆಯ್ಕೆ ಬೇರೆ ಮೆನುವಿಗೆ ಹೋಗಿರುತ್ತದೆ. ಆದ್ದರಿಂದ ಕೈಪಿಡಿಯನ್ನು ಬರೀ ಓದಿ ತಿದ್ದಬೇಡಿ, ಅದು ಹೇಳಿದ್ದನ್ನು ಮಾಡಿ ನೋಡಿ ತಿದ್ದಿ. ಒಂದು ಕಡೆ ಕೈಪಿಡಿ, ಇನ್ನೊಂದು ಕಡೆ ಪ್ರೋಗ್ರಾಂ, ಎರಡೂ ತೆರೆದಿರಲಿ.

ಇಲ್ಲಿ ನಿಮಗೆ ಪ್ರೋಗ್ರಾಮಿಂಗ್ ಬರದಿರುವುದು ಕೊರತೆಯೇ ಅಲ್ಲ. ಕೈಪಿಡಿ ಬರೆಯುವವರು ಸಾಮಾನ್ಯವಾಗಿ ಆ ಪ್ರೋಗ್ರಾಂ ಬರೆದವರೇ, ಇಲ್ಲವೇ ಅದನ್ನು ವರ್ಷಗಟ್ಟಲೆ ಬಳಸಿ ಪಳಗಿದವರು. ತಾವು ಬರೆದದ್ದನ್ನು ಅವರು ಎಷ್ಟು ಸಲ ಓದಿದರೂ ಬಿಟ್ಟುಹೋದ ಹೆಜ್ಜೆ ಕಾಣುವುದಿಲ್ಲ. ಅಭ್ಯಾಸಬಲದಿಂದ ಕೈ ತಾನಾಗಿಯೇ ಆ ಹೆಜ್ಜೆ ಇಟ್ಟುಬಿಟ್ಟಿರುತ್ತದೆ. ಹೊಸಬರು ಮಾತ್ರ ಅಲ್ಲಿ ತಡವರಿಸುತ್ತಾರೆ. ‘ಇಲ್ಲಿ ಮುಂದೇನು ಮಾಡಬೇಕು ಅಂತ ತಿಳಿಯಲಿಲ್ಲ’ ಎಂದು ನೀವು ಬರೆಯುವ ಒಂದು ಸಾಲು, ಸರಿಪಡಿಸಿದ ಹತ್ತು ಅಲ್ಪವಿರಾಮಗಳಿಗಿಂತ ಅವರಿಗೆ ಹೆಚ್ಚು ಬೇಕಾದದ್ದು.

ಒಂದು ಉದಾಹರಣೆ ನೋಡೋಣ. ಕೈಪಿಡಿಯಲ್ಲಿ ಹೀಗೊಂದು ಭಾಗ ಇದೆ ಅಂದುಕೊಳ್ಳಿ. ‘1. ಪ್ರೋಗ್ರಾಂ ಮುಚ್ಚಿ. 2. ನಿಮ್ಮ ಹೋಮ್ ಫೋಲ್ಡರ್‌ನಲ್ಲಿರುವ ಸೆಟ್ಟಿಂಗ್ಸ್ ಫೋಲ್ಡರ್ ತೆರೆಯಿರಿ. 3. ಅದರೊಳಗಿನ ಪ್ರೊಫೈಲ್ ಫೋಲ್ಡರ್ ಅಳಿಸಿ. 4. ಪ್ರೋಗ್ರಾಂ ಮತ್ತೆ ತೆರೆಯಿರಿ. ಗಮನಿಸಿ: ಪ್ರೊಫೈಲ್ ಅಳಿಸುವ ಮೊದಲು ಅದರ ಬ್ಯಾಕಪ್ ತೆಗೆದಿಟ್ಟುಕೊಳ್ಳಿ.’

ಭಾಷೆಯ ದೃಷ್ಟಿಯಿಂದ ಇದರಲ್ಲಿ ತಪ್ಪಿಲ್ಲ. ಕಾಗುಣಿತ ನೋಡುವ ಯಾವ ಸಾಧನವೂ ಇಲ್ಲಿ ಕೆಂಪು ಗೆರೆ ಎಳೆಯುವುದಿಲ್ಲ. ಈಗ ಮಾಡಿ ನೋಡಿ. ಎರಡನೇ ಹೆಜ್ಜೆಯಲ್ಲೇ ಸಿಕ್ಕಿಕೊಳ್ಳುತ್ತೀರಿ. ಲಿನಕ್ಸ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಇಂಥ ಫೋಲ್ಡರ್‌ಗಳ ಹೆಸರು ಸಾಮಾನ್ಯವಾಗಿ ಚುಕ್ಕಿಯಿಂದ ಶುರುವಾಗುತ್ತದೆ. ಚುಕ್ಕಿಯಿಂದ ಶುರುವಾದದ್ದನ್ನು ಫೈಲ್ ಮ್ಯಾನೇಜರ್ ಮರೆಮಾಡುತ್ತದೆ. ಬರೆದವರು ತಮ್ಮ ಕಂಪ್ಯೂಟರಿನಲ್ಲಿ ‘ಮರೆಯಾದ ಫೈಲ್ ತೋರಿಸು’ ಅನ್ನುವ ಆಯ್ಕೆಯನ್ನು ಯಾವತ್ತೋ ಒತ್ತಿಟ್ಟಿದ್ದಾರೆ, ಅವರಿಗೆ ಕಾಣುತ್ತದೆ. ಓದುಗರಿಗೆ ಕಾಣುವುದಿಲ್ಲ. ಇನ್ನು ಕೊನೆಯ ಸೂಚನೆ. ಜನ ಕೈಪಿಡಿಯನ್ನು ಮೊದಲು ಪೂರ್ತಿ ಓದಿಕೊಂಡು ಆಮೇಲೆ ಮಾಡುವುದಿಲ್ಲ, ಒಂದೊಂದು ಹೆಜ್ಜೆ ಓದುತ್ತಾ ಮಾಡುತ್ತಾ ಹೋಗುತ್ತಾರೆ. ಬ್ಯಾಕಪ್ ತೆಗೆಯಿರಿ ಅನ್ನುವ ಮಾತು ಕಣ್ಣಿಗೆ ಬೀಳುವ ಹೊತ್ತಿಗೆ ಅಳಿಸಿ ಆಗಿರುತ್ತದೆ. ಎಚ್ಚರಿಕೆಯ ಮಾತು ಅಪಾಯದ ಹೆಜ್ಜೆಗಿಂತ ಮೊದಲು ಬರಬೇಕು. ಈ ಒಂದು ತಪ್ಪನ್ನೇ ಹುಡುಕುತ್ತಾ ಹೋದರೂ ನಿಮಗೆ ಬೇಕಾದಷ್ಟು ಕೆಲಸ ಸಿಗುತ್ತದೆ, ಯಾರದೋ ಫೈಲ್‌ಗಳೂ ಉಳಿಯುತ್ತವೆ.

ಹೀಗೆ ಮಾಡಿ ನೋಡುವಾಗ ನಿಮ್ಮ ಕಂಪ್ಯೂಟರಿನಲ್ಲೇ ಹೊಸ ಬಳಕೆದಾರರ ಖಾತೆಯೊಂದನ್ನು ತೆರೆದುಕೊಳ್ಳಿ. ನಿಮ್ಮ ಹಳೆಯ ಖಾತೆಯಲ್ಲಿ ನೀವು ಬದಲಿಸಿಕೊಂಡ ಸೆಟ್ಟಿಂಗ್‌ಗಳು ತಪ್ಪನ್ನು ಮುಚ್ಚಿಬಿಡುತ್ತವೆ. ಅಳಿಸುವ, ಇನ್‌ಸ್ಟಾಲ್ ಮಾಡುವ, ಡಿಸ್ಕ್ ಮುಟ್ಟುವ ಸೂಚನೆಗಳನ್ನು ಮಾತ್ರ ವರ್ಚುವಲ್ ಮಷೀನ್ (ಕಂಪ್ಯೂಟರಿನೊಳಗೇ ಪ್ರತ್ಯೇಕವಾಗಿ ನಡೆಯುವ ನಕಲಿ ಕಂಪ್ಯೂಟರ್) ಒಳಗೆ ಪರೀಕ್ಷಿಸಿ. ನಿಮ್ಮ ನಿಜವಾದ ಕಡತಗಳಿರುವ ಕಡೆ ಬೇಡವೇ ಬೇಡ.

ಇನ್ನು ಪ್ರೂಫ್ ನೋಡಿ ಪಳಗಿದವರು ಜಾಸ್ತಿ ಹುಷಾರಾಗಿರಬೇಕಾದ ವಿಷಯಕ್ಕೆ ಬರುತ್ತೇನೆ. ಅದು ಕಮಾಂಡ್‌ಗಳು, ಅಂದರೆ ಕಂಪ್ಯೂಟರಿಗೆ ಟೈಪ್ ಮಾಡಿ ಕೊಡುವ ಆದೇಶಗಳು. ಇಲ್ಲಿ ಪ್ರತಿ ಚಿಹ್ನೆಗೂ ಕೆಲಸ ಇದೆ, ಖಾಲಿ ಜಾಗಕ್ಕೂ ಇದೆ. 2011ರಲ್ಲಿ ಬಂಬಲ್‌ಬೀ ಎಂಬ ಮುಕ್ತ ತಂತ್ರಾಂಶದ ಇನ್‌ಸ್ಟಾಲ್ ಸ್ಕ್ರಿಪ್ಟ್‌ನಲ್ಲಿ (ಕಮಾಂಡ್‌ಗಳನ್ನು ಸಾಲಾಗಿ ಬರೆದಿಟ್ಟ ಕಡತ) ಅಳಿಸುವ ಕಮಾಂಡ್ ಒಂದಿತ್ತು. ‘ಯುಎಸ್ಆರ್’ ಡೈರೆಕ್ಟರಿಯ (ಅಂದರೆ ಫೋಲ್ಡರಿನ) ಒಳಗೆಲ್ಲೋ ಇರುವ ಒಂದೇ ಒಂದು ಜಾಗವನ್ನು ಅದು ಅಳಿಸಬೇಕಿತ್ತು. ‘ಯುಎಸ್ಆರ್’ ಆದ ಮೇಲೆ ಒಂದು ಸ್ಪೇಸ್ ಬಿದ್ದುಬಿಟ್ಟಿತ್ತು. ಕಂಪ್ಯೂಟರ್ ಅದನ್ನು ಎರಡು ವಿಳಾಸ ಅಂತ ಓದಿತು. ಮೊದಲನೆಯದು ಇಡೀ ‘ಯುಎಸ್ಆರ್’ ಡೈರೆಕ್ಟರಿ. ಅಂದರೆ ಸಿಸ್ಟಮ್‌ನ ಬಹುಪಾಲು ಪ್ರೋಗ್ರಾಂಗಳು ಇರುವ ಜಾಗವೇ ಹೋಯಿತು. ಅದು ಸ್ಕ್ರಿಪ್ಟ್‌ನಲ್ಲಿ ಆದದ್ದು ನಿಜ. ಆದರೆ ಕೈಪಿಡಿಯಲ್ಲಿ ಇಂಥದೇ ಸ್ಪೇಸ್ ಬಿದ್ದರೆ ಅದನ್ನು ಕಾಪಿ ಮಾಡಿದವರಿಗೂ ಇದೇ ಗತಿ ಅಲ್ವಾ?

ಅದಕ್ಕೇ ಪುಸ್ತಕದ ಕೆಲಸದಲ್ಲಿ ಒಳ್ಳೆಯವಾದ ಕೆಲವು ಅಭ್ಯಾಸಗಳನ್ನು ಇಲ್ಲಿ ಬಿಡಬೇಕಾಗುತ್ತದೆ. ನೆಟ್ಟಗಿನ ಉದ್ಧರಣ ಚಿಹ್ನೆಯನ್ನು ಬಾಗಿದ ಚಂದದ ಚಿಹ್ನೆ ಮಾಡಿದರೆ ಕಮಾಂಡ್ ಕೆಲಸ ಮಾಡುವುದಿಲ್ಲ. ಕಮಾಂಡ್‌ನ ಆಯ್ಕೆಗಳು ಅನೇಕ ಸಲ ಎರಡು ಸಣ್ಣ ಅಡ್ಡಗೆರೆಗಳಿಂದ ಶುರುವಾಗುತ್ತವೆ. ವರ್ಡ್ ಪ್ರೊಸೆಸರ್‌ಗಳು ಅವನ್ನು ಸೇರಿಸಿ ಒಂದು ಉದ್ದ ಗೆರೆ ಮಾಡಿಬಿಡುತ್ತವೆ. ಅದು ನೋಡಲು ಚಂದ, ಆದರೆ ಆ ಆಯ್ಕೆ ಅಲ್ಲಿಗೆ ಕೆಟ್ಟಿತು. ಕಮಾಂಡ್ ಮುಗಿದಲ್ಲಿ ಪೂರ್ಣವಿರಾಮ ಇಟ್ಟರೆ ಓದುಗರು ಅದನ್ನೂ ಸೇರಿಸಿ ಟೈಪ್ ಮಾಡುತ್ತಾರೆ. ವಾಕ್ಯ ಕಮಾಂಡ್‌ನ ಹೆಸರಿನಿಂದಲೇ ಶುರುವಾದರೂ ಅದರ ಮೊದಲ ಅಕ್ಷರವನ್ನು ದೊಡ್ಡಕ್ಷರ ಮಾಡುವ ಹಾಗಿಲ್ಲ. ಲಿನಕ್ಸ್‌ಗೆ ದೊಡ್ಡಕ್ಷರವೇ ಬೇರೆ, ಸಣ್ಣಕ್ಷರವೇ ಬೇರೆ.

ಅಡ್ಡಗೆರೆಯ ವಿಷಯದಲ್ಲಿ ದೊಡ್ಡ ದೊಡ್ಡವರೇ ತಲೆ ಕೆಡಿಸಿಕೊಂಡಿದ್ದಾರೆ. ಲಿನಕ್ಸ್ ಸೇರಿದಂತೆ ಯುನಿಕ್ಸ್ ಮಾದರಿಯ ಸಿಸ್ಟಮ್‌ಗಳಲ್ಲಿ ಮ್ಯಾನ್ ಪುಟಗಳು ಅಂತ ಇರುತ್ತವೆ, ಟರ್ಮಿನಲ್‌ನಲ್ಲೇ (ಕಮಾಂಡ್ ಟೈಪ್ ಮಾಡುವ ಕಿಟಕಿ) ಓದುವ ಕೈಪಿಡಿಗಳು. ಅವುಗಳ ಮೂಲ ಕಡತದಲ್ಲಿ ಬರೀ ಅಡ್ಡಗೆರೆ ಹಾಕಿದರೆ ಅದು ಪದಗಳನ್ನು ಜೋಡಿಸುವ ಹೈಫನ್. ಹಿಂದೆ ಒಂದು ಓರೆಗೆರೆ ಸೇರಿಸಿ \- ಅಂತ ಬರೆದರೆ ಮಾತ್ರ ಅದು ಕಮಾಂಡ್‌ನಲ್ಲಿ ಟೈಪ್ ಮಾಡುವ ಮೈನಸ್. ಬಹಳ ಜನ ಈ ವ್ಯತ್ಯಾಸ ನೋಡದೆ ಬರೆದಿದ್ದರು. ಪರದೆಯ ಮೇಲೆ ಎರಡೂ ಒಂದೇ ಥರ ಬರುತ್ತಿದ್ದುದರಿಂದ ನಡೆಯುತ್ತಿತ್ತು. ಈ ಪುಟಗಳನ್ನು ಪರದೆಗೆ ತರುವ ಗ್ರಾಫ್ (groff) ಎಂಬ ಪ್ರೋಗ್ರಾಂನ 1.23 ಆವೃತ್ತಿ 2023ರಲ್ಲಿ ಬಂದಾಗ ಎರಡನ್ನೂ ಬೇರೆ ಬೇರೆ ಅಕ್ಷರಗಳಾಗಿಯೇ ತೋರಿಸತೊಡಗಿತು. ತಪ್ಪಾಗಿ ಬರೆದ ಪುಟಗಳಿಂದ ಕಮಾಂಡ್ ಕಾಪಿ ಮಾಡಿದರೆ ಓಡುವುದಿಲ್ಲ. ಪುಟದೊಳಗೆ ಆಯ್ಕೆಯ ಹೆಸರು ಹುಡುಕಿದರೆ ಸಿಗುವುದಿಲ್ಲ. ಕೆಲವು ಲಿನಕ್ಸ್ ವಿತರಣೆಗಳು (ಲಿನಕ್ಸ್ ಅನ್ನು ಬೇರೆ ಪ್ರೋಗ್ರಾಂಗಳ ಜೊತೆ ಸೇರಿಸಿ ಕೊಡುವ ಕಂತೆಗಳು) ತಮ್ಮ ಕಡೆಯಿಂದ ಹಳೆಯ ನಡವಳಿಕೆಯನ್ನೇ ಉಳಿಸಿಕೊಂಡವು. ಅದು ಸದ್ಯದ ಪರಿಹಾರ ಅಷ್ಟೇ. ನಿಜವಾದ ಪರಿಹಾರ ಒಂದೊಂದೇ ಪುಟ ತೆಗೆದು ಗೆರೆಗಳನ್ನು ಸರಿಮಾಡುವುದು. ಪ್ರೂಫ್ ನೋಡುವ ಕಣ್ಣಿಗೆ ಇದಕ್ಕಿಂತ ಒಪ್ಪುವ ಕೆಲಸ ನನಗೆ ತಿಳಿದಿಲ್ಲ.

ಇನ್ನು ಕೆಲವು ‘ತಪ್ಪು’ಗಳನ್ನು ತಿದ್ದಲೇಬಾರದು. ಯುನಿಕ್ಸ್‌ನಲ್ಲಿ ಹೊಸ ಫೈಲ್ ಮಾಡುವ ಸಿಸ್ಟಮ್ ಕಾಲ್‌ಗೆ (ಪ್ರೋಗ್ರಾಂ ಆಪರೇಟಿಂಗ್ ಸಿಸ್ಟಮ್‌ಗೆ ಮಾಡುವ ಕೋರಿಕೆ) ‘ಕ್ರಿಯೇಟ್’ ಅಂತ ಹೆಸರು, ಆದರೆ ಕೊನೆಯ ‘ಇ’ ಅಕ್ಷರ ಇಲ್ಲ. ಡಿಸ್ಕ್ ಬಿಡಿಸುವ ಕಮಾಂಡ್‌ನ ಹೆಸರಿನಲ್ಲಿ ಒಂದು ‘ಎನ್’ ಇಲ್ಲ, ಅದು ‘ಯುಮೌಂಟ್’. ನೀವು ಯಾವ ಪುಟದಿಂದ ಬಂದಿರಿ ಎಂದು ಬ್ರೌಸರ್ ಸರ್ವರ್‌ಗೆ ತಿಳಿಸುವ ‘ರೆಫರರ್’ ಹೆಡರ್‌ನಲ್ಲಿ ಒಂದು ‘ಆರ್’ ಕಡಿಮೆ. ಆ ಕಾಗುಣಿತದಲ್ಲೇ ಅದು ವೆಬ್ ಪುಟ ತರುವ ನಿಯಮಗಳಾದ ಎಚ್‌ಟಿಟಿಪಿಯ 1996ರ ದಾಖಲೆಗೆ ಸೇರಿತು, ಇವತ್ತಿಗೂ ಹಾಗೇ ಇದೆ. ಪ್ರೋಗ್ರಾಂ ತೋರಿಸುವ ದೋಷ ಸಂದೇಶಗಳಿಗೂ ಇದೇ ನಿಯಮ. ಸಂದೇಶದಲ್ಲಿ ಅಕ್ಷರ ತಪ್ಪಿದ್ದರೆ ಕೈಪಿಡಿಯಲ್ಲೂ ಆ ತಪ್ಪು ಹಾಗೇ ಇರಬೇಕು. ಓದುಗರು ಪರದೆಯಲ್ಲಿ ಕಂಡದ್ದನ್ನೇ ಕೈಪಿಡಿಯಲ್ಲಿ ಹುಡುಕುತ್ತಾರೆ. ಮೊದಲು ಪ್ರೋಗ್ರಾಂನಲ್ಲಿ ತಿದ್ದಿಸಿ, ಆಮೇಲೆ ಕೈಪಿಡಿಗೆ ಕೈ ಹಾಕಿ.

ಓದಲು ಸೊಗಸಾಗಲಿ ಅಂತ ಪದ ಬದಲಿಸುವುದೂ ಇಲ್ಲಿ ಬೇಡ. ಮೊದಲ ಪುಟದಲ್ಲಿ ‘ಡೈರೆಕ್ಟರಿ’ ಅಂದಿದ್ದರೆ ಕೊನೆಯವರೆಗೂ ಡೈರೆಕ್ಟರಿಯೇ. ನಡುವೆ ‘ಫೋಲ್ಡರ್’ ಅಂದರೆ ಹೊಸಬರು ಅದು ಬೇರೆ ವಸ್ತು ಅಂದುಕೊಳ್ಳುತ್ತಾರೆ. ಇಂಗ್ಲಿಷಿನ ‘ಮಸ್ಟ್’, ‘ಶುಡ್’, ‘ಮೇ’ ಪದಗಳನ್ನಂತೂ ಬರೆದವರನ್ನು ಕೇಳದೆ ಮುಟ್ಟಬೇಡಿ. ಅಂತರ್ಜಾಲದ ತಾಂತ್ರಿಕ ದಾಖಲೆಗಳಲ್ಲಿ ಈ ಪದಗಳಿಗೆ ಕಟ್ಟುನಿಟ್ಟಾದ ಅರ್ಥ ಇದೆ. ಅದನ್ನು ಹೇಳುವುದಕ್ಕೆಂದೇ 1997ರಲ್ಲಿ ಆರ್‌ಎಫ್‌ಸಿ 2119 ಎಂಬ ದಾಖಲೆ ಬಂತು. ಮೊದಲನೆಯದು ಕಡ್ಡಾಯ. ಎರಡನೆಯದು ತಕ್ಕ ಕಾರಣ ಇದ್ದರೆ ಮಾತ್ರ ಬಿಡಬಹುದಾದದ್ದು. ಮೂರನೆಯದು ಇಷ್ಟ ಬಂದರೆ ಮಾಡುವುದು.

ನಿಮ್ಮ ಕಣ್ಣಿಗೆ ಸುಲಭವಾಗಿ ಬೀಳುವ, ಬೇರೆಯವರು ಸಾಮಾನ್ಯವಾಗಿ ನೋಡದ ಇನ್ನೊಂದು ವಿಷಯ ಇದೆ. ಉದಾಹರಣೆಗೆಂದು ಕೊಟ್ಟ ವೆಬ್ ವಿಳಾಸಗಳು. ಬರೆದವರು ಬಾಯಿಗೆ ಬಂದ ಒಂದು ಹೆಸರು ಹಾಕಿರುತ್ತಾರೆ. ಅದು ಯಾರದೋ ನಿಜವಾದ ತಾಣ ಆಗಿರಬಹುದು. ಇದಕ್ಕೆಂದೇ ‘ಎಕ್ಸಾಂಪಲ್ ಡಾಟ್ ಕಾಮ್’ ಅನ್ನು 1999ರಿಂದ ಮೀಸಲಿಟ್ಟಿದ್ದಾರೆ. ಐಪಿ ವಿಳಾಸಗಳಿಗೂ (ಅಂತರ್ಜಾಲದಲ್ಲಿ ಕಂಪ್ಯೂಟರಿಗೆ ಇರುವ ಅಂಕಿಯ ವಿಳಾಸ) ಮೀಸಲು ಇದೆ: 192.0.2, 198.51.100, 203.0.113 ಇವುಗಳಿಂದ ಶುರುವಾಗುವ ಮೂರು ಗುಂಪುಗಳು. ಕೈಪಿಡಿಯಲ್ಲಿ ಬೇರೆ ಏನಾದರೂ ಕಂಡರೆ ತಿಳಿಸಿ. ಇದಕ್ಕೆ ಬೇಡ ಅನ್ನುವವರು ಕಡಿಮೆ.

ಈಗ ನಿಮ್ಮ ತಿದ್ದುಪಡಿ ಯಾಕೆ ವಾಪಸ್ ಬಂತು ಅನ್ನುವ ಪ್ರಶ್ನೆ. ನಿಮ್ಮ ಭಾಷೆಯ ಬಗ್ಗೆ ಸಂಶಯಪಟ್ಟು ಕಳಿಸಿರಲಿಕ್ಕಿಲ್ಲ. ಕೈಪಿಡಿ ಪೂರ್ತಿ ಒಂದೇ ಸಲ ಕಳಿಸಿದ್ದೀರಿ. ಅದನ್ನು ಒಪ್ಪುವವರು ಪ್ರತಿ ಬದಲಾವಣೆಯನ್ನೂ ಓದಿ, ಅರ್ಥ ಕೆಟ್ಟಿಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು. ಅವರೂ ನಿಮ್ಮ ಹಾಗೆ ಬಿಡುವಿನ ವೇಳೆಯಲ್ಲಿ ಕೆಲಸ ಮಾಡುವವರು. ನೂರು ಒಳ್ಳೆಯ ತಿದ್ದುಪಡಿಗಳ ನಡುವೆ ಒಂದು ಸಂಶಯದ್ದು ಕಂಡರೆ ಇಡೀ ಕಂತೆ ನಿಲ್ಲುತ್ತದೆ.

ಇನ್ನೊಂದು ಸಾಧ್ಯತೆ, ನೀವು ತಿದ್ದಿದ್ದು ಮೂಲ ಕಡತ ಅಲ್ಲದೆ ಇರಬಹುದು. ನಾವು ಓದುವ ವೆಬ್ ಪುಟ ಅಥವಾ ಪಿಡಿಎಫ್ ಬೇರೊಂದು ಕಡತದಿಂದ ತಯಾರಾದದ್ದು. ಕಡತಗಳ ಬದಲಾವಣೆಗಳ ದಾಖಲೆ ಇಡುವ ಗಿಟ್‌ನ ಕೈಪಿಡಿಯ ಮೂಲ ಆಸ್ಕಿಡಾಕ್ ಎಂಬ ರೂಪದಲ್ಲಿದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯದು ರಿಸ್ಟ್ರಕ್ಚರ್ಡ್‌ಟೆಕ್ಸ್ಟ್. ಲಿನಕ್ಸ್‌ನ ತಿರುಳಾದ ಕರ್ನಲ್ ಕೂಡ 2016ರಿಂದ ಇದೇ ಕಡೆ ಬಂದಿದೆ. ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್‌ನ ಕೈಪಿಡಿ 2021ರಲ್ಲಿ ಡಾಕ್‌ಬುಕ್ ಬಿಟ್ಟು ಆಸ್ಕಿಡಾಕ್‌ಗೆ ಬದಲಾಯಿತು. ಹೆಸರು ಕೇಳಿ ಹೆದರಬೇಡಿ. ಇವೆಲ್ಲ ಕೆಲವು ಗುರುತುಗಳನ್ನು ಹಾಕಿದ ಸಾದಾ ಪಠ್ಯ. ತಯಾರಾದ ಪುಟವನ್ನು ತಿದ್ದಿ ಕಳಿಸಿದರೆ ಮಾತ್ರ ಉಪಯೋಗ ಇಲ್ಲ. ಮುಂದಿನ ಸಲ ಪುಟ ತಯಾರಾದಾಗ ನಿಮ್ಮ ತಿದ್ದುಪಡಿ ಅಳಿಸಿಹೋಗುತ್ತದೆ. ಜೊತೆಗೆ ಮುಂದಿನ ಆವೃತ್ತಿಯ ಕಡತದಲ್ಲಿ ಆ ತಪ್ಪು ಈಗಾಗಲೇ ಸರಿಯಾಗಿದೆಯಾ ಅಂತಲೂ ನೋಡಿಕೊಳ್ಳಿ.

ಹೊರಗಿನವರಿಗೆ ಗೊತ್ತಾಗದ ಇನ್ನೊಂದು ಕಷ್ಟ ಅನುವಾದದ್ದು. ಬಹಳಷ್ಟು ಪ್ರಾಜೆಕ್ಟ್‌ಗಳಲ್ಲಿ ಕೈಪಿಡಿಯ ಅನುವಾದ ಗೆಟ್‌ಟೆಕ್ಸ್ಟ್ ಎಂಬ ವ್ಯವಸ್ಥೆಯಲ್ಲಿ ನಡೆಯುತ್ತದೆ. ಅಲ್ಲಿ ಇಂಗ್ಲಿಷ್‌ನ ಒಂದೊಂದು ಪ್ಯಾರಾಕ್ಕೂ ಬೇರೆ ಭಾಷೆಗಳ ಪ್ಯಾರಾ ಗಂಟು ಹಾಕಿರುತ್ತಾರೆ. ಇಂಗ್ಲಿಷಿನಲ್ಲಿ ಒಂದು ಅಲ್ಪವಿರಾಮ ಬದಲಾದರೂ ಸಾಕು, ಎಲ್ಲ ಭಾಷೆಗಳಲ್ಲೂ ಆ ಪ್ಯಾರಾಕ್ಕೆ ‘ಫಜಿ’ ಎಂಬ ಗುರುತು ಬೀಳುತ್ತದೆ. ಅಂದರೆ ಮತ್ತೆ ಪರಿಶೀಲಿಸಬೇಕು ಅಂತ. ಅನುವಾದಕರು ಬಂದು ಒಪ್ಪುವವರೆಗೆ ಓದುಗರಿಗೆ ಆ ಜಾಗದಲ್ಲಿ ಸಾಮಾನ್ಯವಾಗಿ ಇಂಗ್ಲಿಷ್ ಪ್ಯಾರಾವೇ ಕಾಣುತ್ತದೆ. ಬಿಡುಗಡೆಗೆ ಒಂದು ವಾರ ಇರುವಾಗ ಯಾರಾದರೂ ಇಡೀ ಕೈಪಿಡಿಯ ವಿರಾಮ ಚಿಹ್ನೆ ತಿದ್ದಿದರೆ ಎಷ್ಟು ಅನುವಾದಕರ ಕೆಲಸ ಕೆಡುತ್ತದೆ ಯೋಚಿಸಿ. ಅದಕ್ಕೇ ಬಿಡುಗಡೆಯ ಮುಂಚೆ ‘ಸ್ಟ್ರಿಂಗ್ ಫ್ರೀಜ್’ ಅಂತ ಒಂದು ಅವಧಿ ಇಡುತ್ತಾರೆ. ಆಗ ಪಠ್ಯ ಬದಲಿಸುವ ಹಾಗಿಲ್ಲ. ಬಿಡುಗಡೆ ಮುಗಿದ ತಕ್ಷಣದ ದಿನಗಳೇ ಪ್ರೂಫ್ ನೋಡುವವರಿಗೆ ಒಳ್ಳೆಯ ಕಾಲ.

ಸಣ್ಣ ತಿದ್ದುಪಡಿಗಳನ್ನು ಕೆಲವರು ಅನುಮಾನದಿಂದ ನೋಡುವುದಕ್ಕೂ ಒಂದು ಹಿನ್ನೆಲೆ ಇದೆ. ಹ್ಯಾಕ್ಟೋಬರ್‌ಫೆಸ್ಟ್ ಎಂಬ ವಾರ್ಷಿಕ ಕಾರ್ಯಕ್ರಮದಲ್ಲಿ ಮುಕ್ತ ತಂತ್ರಾಂಶಗಳಿಗೆ ಒಂದಿಷ್ಟು ಬದಲಾವಣೆ ಕಳಿಸಿದವರಿಗೆ ಟಿ-ಶರ್ಟ್ ಕೊಡುತ್ತಿದ್ದರು. 2020ರಲ್ಲಿ ಸುಮ್ನೆ ಒಂದು ಪದ ಸೇರಿಸಿ ಕಳಿಸಿದವರ ಪ್ರವಾಹವೇ ಬಂತು. ಕಾಟ ಎಷ್ಟಾಯಿತೆಂದರೆ, ಒಪ್ಪಿಗೆ ಕೊಟ್ಟ ಪ್ರಾಜೆಕ್ಟ್‌ಗಳು ಮಾತ್ರ ಲೆಕ್ಕಕ್ಕೆ ಅಂತ ಅದೇ ಅಕ್ಟೋಬರ್‌ನಲ್ಲಿ ನಿಯಮ ಬದಲಿಸಬೇಕಾಯಿತು. ಪ್ರಾಜೆಕ್ಟ್ ನಡೆಸುವವರು ಅದನ್ನು ಮರೆತಿಲ್ಲ. ಅದಕ್ಕೇ ನೀವು ಮೊದಲ ಸಲ ಕಳಿಸುವಾಗ ಎರಡು ಸಾಲು ಬರೆಯಿರಿ: ಯಾವ ಆವೃತ್ತಿಯಲ್ಲಿ ಮಾಡಿ ನೋಡಿದಿರಿ, ಏನಾಯಿತು, ಏನು ಬದಲಿಸಿದಿರಿ. ಮಾಡಿ ನೋಡಿದ್ದಾರೆ ಅಂತ ಗೊತ್ತಾದ ಕೂಡಲೇ ಅವರ ಧಾಟಿಯೇ ಬದಲಾಗುತ್ತದೆ.

ವಾಪಸ್ ಬಂದ ನಿಮ್ಮ ಕೆಲಸ ವ್ಯರ್ಥ ಆಗಿಲ್ಲ. ಅದರಿಂದ ಒಂದೇ ಅಧ್ಯಾಯ ತೆಗೆದುಕೊಳ್ಳಿ. ಅದರಲ್ಲೂ ಒಂದೇ ಬಗೆಯ ತಪ್ಪುಗಳನ್ನು ಆರಿಸಿ. ಹೇಳಿದ ಹಾಗೆ ಆಗದ ಸೂಚನೆಗಳು ಮೊದಲು, ಅಕ್ಷರ ತಪ್ಪುಗಳು ಆಮೇಲೆ. ‘ಹೀಗಿದ್ದರೆ ಚೆನ್ನ’ ಅನ್ನುವವು ಸದ್ಯಕ್ಕೆ ಬೇಡ. ಸಾಲುಗಳನ್ನು ಮರುಜೋಡಣೆ ಮಾಡಬೇಡಿ. ಬದಲಾದ ಪದ ಒಂದೇ ಆದರೂ ಪ್ಯಾರಾ ಪೂರ್ತಿ ಬದಲಾದಂತೆ ಕಾಣುತ್ತದೆ. ಪ್ರಾಜೆಕ್ಟ್‌ನ ‘ಕಾಂಟ್ರಿಬ್ಯೂಟಿಂಗ್’ ಎಂಬ ಕಡತವನ್ನೂ ಬರವಣಿಗೆಯ ನಿಯಮಗಳನ್ನೂ ಮೊದಲೇ ಓದಿಕೊಳ್ಳಿ. ಅಮೆರಿಕನ್ ಕಾಗುಣಿತವೋ ಬ್ರಿಟಿಷ್ ಕಾಗುಣಿತವೋ ಅನ್ನುವುದು ಅಲ್ಲಿ ತೀರ್ಮಾನ ಆಗಿರುತ್ತದೆ.

ಸಾಧನಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೋಡ್‌ಸ್ಪೆಲ್ ಎಂಬುದು ಸಾಮಾನ್ಯವಾಗಿ ಆಗುವ ತಪ್ಪುಗಳ ಪಟ್ಟಿಯನ್ನು ಇಟ್ಟುಕೊಂಡು ಹುಡುಕುತ್ತದೆ, ಹಾಗಾಗಿ ತಾಂತ್ರಿಕ ಪದಗಳ ಮೇಲೆಲ್ಲ ಹರಿಹಾಯುವುದಿಲ್ಲ. ಪ್ರಾಜೆಕ್ಟ್‌ನ ಬರವಣಿಗೆ ನಿಯಮಗಳನ್ನು ಪಾಲಿಸಿದೆಯಾ ಅಂತ ನೋಡಲು ವೇಲ್ ಇದೆ. ಇವು ಹೇಳಿದ್ದನ್ನೆಲ್ಲ ಹಾಗೇ ಒಪ್ಪಿ ಕಳಿಸಬೇಡಿ, ಅಷ್ಟೇ.

ಎಲ್ಲಿಂದ ಶುರು ಮಾಡಬೇಕು ಅಂದರೆ, ನಿಮಗೆ ನಾನು ಹೇಳುವುದು ಲಿಬ್ರೆಆಫೀಸ್ ಎಂಬ ಕಚೇರಿ ತಂತ್ರಾಂಶ. ಅದರ ಕೈಪಿಡಿಗಳನ್ನು ಅದರದೇ ವರ್ಡ್ ಪ್ರೊಸೆಸರ್ ಆದ ಲಿಬ್ರೆಆಫೀಸ್ ರೈಟರ್‌ನಲ್ಲೇ ಬರೆಯುತ್ತಾರೆ. ಗಿಟ್ ಕಲಿಯದೆಯೂ ಕೆಲಸ ಮಾಡಬಹುದು. ಅಧ್ಯಾಯಗಳನ್ನು ಸ್ವಯಂಸೇವಕರು ಹಂಚಿಕೊಳ್ಳುತ್ತಾರೆ. ನೀವು ಎಡಿಟ್ ಮೆನುವಿನ ಟ್ರ್ಯಾಕ್ ಚೇಂಜಸ್‌ನಲ್ಲಿ ರೆಕಾರ್ಡ್ ಒತ್ತಿ ತಿದ್ದುತ್ತಾ ಹೋದರೆ ಏನನ್ನು ಅಳಿಸಿದಿರಿ, ಏನನ್ನು ಸೇರಿಸಿದಿರಿ ಎಲ್ಲವೂ ಬಣ್ಣದಲ್ಲಿ ಕಾಣುತ್ತದೆ. ಸಂಶಯ ಇದ್ದಲ್ಲಿ ತಿದ್ದದೆ, ಅಂಚಿನಲ್ಲಿ ಕಾಮೆಂಟ್ ಬರೆಯಿರಿ. ಅಚ್ಚಿನ ಪ್ರೂಫ್‌ನಲ್ಲಿ ನೀವು ಮಾಡುತ್ತಿದ್ದ ಕೆಲಸವೇ ಇದು. ಕೈಪಿಡಿಯ ಮೊದಲ ಪುಟಗಳಲ್ಲಿ ಕೆಲಸ ಮಾಡಿದವರ ಹೆಸರೂ ಬರುತ್ತದೆ. ಆಮೇಲೆ ಕೈ ಕುದುರಿದರೆ ಪೈಥಾನ್, ಫ್ರೀಬಿಎಸ್‌ಡಿ ಕಡೆ ಹೋಗಬಹುದು. ಡೆಬಿಯನ್ ಎಂಬ ಲಿನಕ್ಸ್ ವಿತರಣೆಯಲ್ಲಿ ಇಂಗ್ಲಿಷ್ ಮನೆಮಾತಲ್ಲದವರು ಬರೆದ ಪ್ಯಾಕೇಜ್ ವಿವರಣೆಗಳನ್ನು ನೋಡಿಕೊಡಲು ಒಂದು ತಂಡವೇ ಇದೆ.

ಕೊನೆಗೆ ಹಕ್ಕಿನ ವಿಷಯ. ನೀವು ಕಳಿಸುವ ತಿದ್ದುಪಡಿ ಕೈಪಿಡಿಯ ಲೈಸೆನ್ಸ್‌ನಡಿಯೇ ಸೇರುತ್ತದೆ. ಯಾರು ಬೇಕಾದರೂ ಅದನ್ನು ಆ ಲೈಸೆನ್ಸ್‌ನ ಷರತ್ತಿನಂತೆ ನಕಲು ಮಾಡಬಹುದು, ಬದಲಿಸಬಹುದು. ಕರ್ನಲ್‌ನಂಥ ಕಡೆ ಪ್ರತಿ ತಿದ್ದುಪಡಿಯ ಕೆಳಗೆ ‘ಸೈನ್ಡ್-ಆಫ್-ಬೈ’ ಅಂತ ನಿಮ್ಮ ಹೆಸರಿನ ಸಾಲು ಇರಬೇಕು. ಇದನ್ನು ಕಳಿಸುವ ಹಕ್ಕು ನನಗಿದೆ ಅಂತ ಅದರ ಅರ್ಥ. ಪಠ್ಯ ಬರೆಯುವ ಪ್ರೋಗ್ರಾಂ ಆದ ಇಮ್ಯಾಕ್ಸ್‌ನಂಥ ಕೆಲವು ಗ್ನು ಪ್ರಾಜೆಕ್ಟ್‌ಗಳು ದೊಡ್ಡ ಕೊಡುಗೆಗಳಿಗೆ ಹಕ್ಕುಸ್ವಾಮ್ಯವನ್ನು ಫ್ರೀ ಸಾಫ್ಟ್‌ವೇರ್ ಫೌಂಡೇಶನ್‌ಗೆ ಬರೆದುಕೊಡಲು ಕೇಳುತ್ತವೆ. ಸುಮಾರು 15 ಸಾಲಿನೊಳಗಿನ ಬದಲಾವಣೆಗೆ ಆ ಕಾಗದ ಬೇಕಾಗುವುದಿಲ್ಲ. ಆದರೆ ಸಣ್ಣ ಸಣ್ಣವು ಕೂಡುತ್ತಾ ಹೋದರೆ ಒಟ್ಟು ಸೇರಿಸಿ ಲೆಕ್ಕ ಹಾಕುತ್ತಾರೆ. ಆದ್ದರಿಂದ ಅಂಥ ಕಡೆ ತುಂಬಾ ದಿನ ಕೆಲಸ ಮಾಡುವ ಯೋಚನೆ ಇದ್ದರೆ ಮೊದಲೇ ಕೇಳಿ, ಕಾಗದ ಮುಗಿಸಿಕೊಂಡುಬಿಡಿ.